ಅಲ್ಪಾಕಾದ ಹಟ್ಟಿ ಗುಡಿಸಿದ್ದು

ಕೊಳಕು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೊಳಕು ಮಾಡಿದವರನ್ನು ಕಂಡರೆ ಇನ್ನೂ ಹೆಚ್ಚು. ಆದರೆ ಗುಡಿಸಿದ್ದಕ್ಕೇ ಬೈಸಿಕೊಂಡರೆ ಬರುವ ಸಿಟ್ಟು ಉಂಟಲ್ಲ, ಅದಕ್ಕೆ ಹೆಸರಿಲ್ಲ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಡಿಸಿ ನನ್ನ ಕೈಗೆ ಹಿಡಿಸೂಡಿ ಕೊಟ್ಟರು. ಅಂದಿನಿಂದ ಬೆಳಗ್ಗೆ ಎದ್ದು ಹಟ್ಟಿ ಗುಡಿಸಿ, ಸೆಗಣಿ ಬಾಚಿ, ನೀರು ಹೊಯ್ದ ಮೇಲೆಯೇ ನನಗೆ ಚಹಾ. ದುಬೈಯ ಅಲ್ ಕುಸೈಸಿನಲ್ಲಿರುವ ಮಗನ ಫ್ಲಾಟಿಗೆ ಬಂದ ಮೇಲೆ ಗುಡಿಸುವುದಕ್ಕೆ ಏನೂ ಇಲ್ಲ. ಸೊಸೆಯ ಹತ್ತಿರ ತನ್ನಷ್ಟಕ್ಕೆ ಓಡಾಡಿ ಗುಡಿಸುವ ತಟ್ಟೆಯಂಥ ಒಂದು ಮೆಷಿನ್ ಉಂಟು. ನನ್ನ ಕಾಲಿಗೆ ಢಿಕ್ಕಿ ಹೊಡೆದು, ನಾನೇ ಕಸವೇನೋ ಎಂಬಂತೆ ಮತ್ತೆ ಮತ್ತೆ ಬರುತ್ತದೆ.

ಹಾಗಿರುವಾಗ ಮಗ ಸುಧಾಕರ ಊರಾಚೆಯ ಮರಳಲ್ಲಿ ಜಾಗ ಹಿಡಿದು ಅಲ್ಪಾಕಾ ಸಾಕಲು ಹೊರಟ. ಒಂಟೆಯ ಕುತ್ತಿಗೆ, ಕುರಿಯ ಮೈ, ಬ್ಯೂಟಿ ಪಾರ್ಲರಿನಿಂದ ಈಗಷ್ಟೇ ಎದ್ದು ಬಂದಂಥ ಕೂದಲು. ಚಹಾಕ್ಕೆ ಹಾಲಿಲ್ಲ, ಗದ್ದೆ ಉಳುವ ಹಾಗೂ ಇಲ್ಲ. ಎಲ್ಲೋ ಚಳಿ ದೇಶದ ಬೆಟ್ಟದ ಪ್ರಾಣಿಯಂತೆ, ಅದಕ್ಕೆ ದುಬೈಯ ಸೆಖೆ ಆಗುವುದಿಲ್ಲವಂತೆ, ಹಾಗಾಗಿ ಎ.ಸಿ. ಹಾಕಿದ ಹಟ್ಟಿ. ನಾನು ಮದುವೆಯಾಗಿ ಹೋದ ಮನೆಯಲ್ಲಿ ಫ್ಯಾನೂ ಇರಲಿಲ್ಲ. ಉಣ್ಣೆ ಕತ್ತರಿಸಿ ಮಾರುವುದು, ಮರಿ ಮಾಡಿಸಿ ವಿಲ್ಲಾದವರಿಗೆ ಸಾಕಲು ಕೊಡುವುದು ಅವನ ವ್ಯಾಪಾರ. ಎಷ್ಟು ಚೊಕ್ಕ ಪ್ರಾಣಿ ಗೊತ್ತುಂಟಾ, ಎಲ್ಲವೂ ಒಂದೇ ಕಡೆ ಹಿಕ್ಕೆ ಹಾಕುತ್ತವೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಹೌದು, ಒಂದೇ ಕಡೆ, ಮೂಲೆಯಲ್ಲಿ ಗುಡ್ಡೆ. ಅದನ್ನು ಕಂಡು ನನ್ನ ಕೈ ತುರಿಸಿತು. ದಿನಾ ಬೆಳಗ್ಗೆ ಅವನ ಜೊತೆ ಕಾರಲ್ಲಿ ಹೋಗಿ, ಗುಡ್ಡೆ ಬಾಚಿ, ಫಿನಾಯಿಲ್ ಹಾಕಿ ತಿಕ್ಕಿ ತೊಳೆದೆ. ಈ ದೇಶಕ್ಕೆ ಬಂದ ಮೇಲೆ ಮೊದಲ ಬಾರಿ ನನಗೆ ಚಹಾ ರುಚಿಸಿತು.

ಆದರೆ ಆ ಪ್ರಾಣಿಗಳಿಗೆ ಮರ್ಯಾದೆ ಎಲ್ಲುಂಟು? ತೊಳೆದ ಮೂಲೆಯನ್ನು ಮೂಸಿ ನೋಡಿ ಬಿಟ್ಟುಬಿಟ್ಟವು. ಹುಲ್ಲಿನ ತೊಟ್ಟಿಯ ಹತ್ತಿರ ಒಂದು ಕಡೆ, ಬಾಗಿಲಲ್ಲಿ ಒಂದು ಕಡೆ, ಜನ ನಿಂತು ಫೋಟೋ ತೆಗೆಯುವ ಹಸಿರು ಕಾರ್ಪೆಟಿನ ಮೇಲೆ ಧಾರಾಳ. ನಾನು ಇನ್ನೂ ಜೋರು ತೊಳೆದೆ. ಅವು ಇನ್ನೂ ಹರಡಿದವು. ಶುಕ್ರವಾರ ಅಬುಧಾಬಿಯಿಂದ ಒಂದು ಸಂಸಾರ ಜೋಡಿ ಅಲ್ಪಾಕಾ ನೋಡಲು ಬಂತು. ಚೊಕ್ಕ ಪ್ರಾಣಿ ಎಂದು ಸುಧಾಕರ ಬಾಯಿ ತೆರೆಯುವಷ್ಟರಲ್ಲಿ ಆ ಮನೆಯ ಹೆಂಗಸಿನ ಬಿಳಿ ಚಪ್ಪಲಿ ಹಿಕ್ಕೆಯ ಮೇಲೆ. ಯಜಮಾನ ಮೂಗು ಮುಚ್ಚಿ "ಖಲಾಸ್" ಎಂದವನೇ ಕಾರು ಹತ್ತಿದ.

ಸುಧಾಕರ ನನ್ನ ಕಡೆ ತಿರುಗಿದ. "ಅಮ್ಮ, ನಾಳೆಯಿಂದ ನೀನು ಹಟ್ಟಿಗೆ ಬರುವುದು ಬೇಡ. ಅವು ವಾಸನೆ ಹಿಡಿದು ಹೋಗುವುದು. ನೀನು ಗುರುತೇ ಇಲ್ಲದ ಹಾಗೆ ತೊಳೆದರೆ ಎಲ್ಲಿಗೆ ಹೋಗಬೇಕು?"

"ಹಟ್ಟಿ ಗುಡಿಸುವುದು ನನಗೆ ಕಲಿಸುತ್ತೀಯಾ? ನಿನ್ನನ್ನು ತೊಳೆದದ್ದೂ ಇದೇ ಕೈ."

"ನಾನು ಅಲ್ಪಾಕಾ ಅಲ್ಲವಲ್ಲ, ಅಮ್ಮ."

ಇದ್ದ ಒಂದು ಕೆಲಸವೂ ಹೋಯಿತು. ಒಂದು ವಾರ ಆ ತಟ್ಟೆ ಮೆಷಿನ್ನಿನ ಜೊತೆ ಮನೆಯಲ್ಲಿ ಕುಳಿತೆ. ಸಿಟ್ಟಿನಲ್ಲಿ ಅದಕ್ಕೊಂದು ಒದ್ದೆ. ಅದಕ್ಕೆ ಏನೂ ಆಗಲಿಲ್ಲ, ನನ್ನ ಹೆಬ್ಬೆರಳು ಊದಿತು. ಕೊನೆಗೆ, ಗುರುತಿಗೆ ಒಂದು ಹಿಡಿ ಬಿಡುತ್ತೇನೆ ಮಾರಾಯ ಎಂದು ಒಪ್ಪಿದ ಮೇಲೆಯೇ ಅವನ ಕಾರಿನ ಬಾಗಿಲು ನನಗೆ ತೆರೆದದ್ದು. ಈಗ ಆ ಪ್ರಾಣಿಗಳು ಬಸ್ಸಿಗೆ ನಿಂತವರ ಹಾಗೆ ಸಾಲಾಗಿ ಮೂಲೆಗೇ ಹೋಗುತ್ತವೆ. ವಿಲ್ಲಾದವರು ನೋಡಿ ಮೆಚ್ಚುತ್ತಾರೆ. ಉಳಿದೆಲ್ಲ ಥಳಥಳ ತೊಳೆದು ಆ ಒಂದು ಹಿಡಿಯನ್ನು ಬಿಟ್ಟು ಬರುವಾಗ ನನ್ನ ಮೈ ಉರಿಯುತ್ತದೆ.

ಮೊನ್ನೆ ಮಗಳು ಅಬುಧಾಬಿಯ ತನ್ನ ಹೊಸ ಮನೆಯಲ್ಲಿ ಸ್ವಲ್ಪ ದಿನ ಬಂದು ನಿಲ್ಲು ಎಂದಳು. ಹೋದೆ. ಎರಡು ದಿನ ಕಳೆಯುವುದರೊಳಗೆ ಸುಧಾಕರನಿಗೆ ಫೋನ್ ಮಾಡಿ ಕರೆದುಕೊಂಡು ಹೋಗು ಎಂದೆ. ಜಗಳವಾಯಿತಾ ಎಂದು ಕಾರಲ್ಲಿ ಕೇಳಿದ. ಜಗಳ ಎಂತದ್ದು, ಅವಳ ಬಾತ್‌ರೂಮು ಕನ್ನಡಿಯ ಹಾಗೆ ಹೊಳೆಯುತ್ತದೆ, ಮೇಲಿಂದ ಎಂತದೋ ಹೂವಿನ ವಾಸನೆ, ಅಲ್ಲಿ ಎಷ್ಟು ಹೊತ್ತು ಕೂತರೂ ನನಗೆ ಹೊಟ್ಟೆ ಖಾಲಿಯಾಗುವುದಿಲ್ಲ, ಬೇಗ ಮನೆ ಮುಟ್ಟಿಸು ಎಂದೆ.

ಅವನು ರೇಡಿಯೋ ಜೋರು ಮಾಡಿದ. ಹೆಗಲು ಮಾತ್ರ ಕುಣಿಯುತ್ತಿತ್ತು.

"ರಸ್ತೆ ನೋಡಿ ಓಡಿಸು" ಎಂದೆ.