ಅಳಿಯನಿಗೆ ಸೀಕರಣೆ ಉಣಿಸಿದ ಬೇಸಿಗೆ

ಬೇಸಿಗೆ ಬಂತೆಂದರೆ ನಮ್ಮ ಮನೆಯಲ್ಲಿ ಹಂಚಿಗಿಂತ ಮೊದಲು ಕಾಯುವುದು ನನ್ನ ತಲೆ. ಹೋಳಿಹುಣ್ಣಿಮೆಗೆ ಶುರುವಾದರೆ ಬಸವ ಜಯಂತಿಯವರೆಗೆ ಹಬ್ಬದ ಬೆನ್ನಿಗೆ ಹಬ್ಬ, ಹಬ್ಬಕ್ಕೊಂದು ಎಡವಟ್ಟು. ಒಂದು ವರ್ಷವೂ ತಪ್ಪಿದ್ದಿಲ್ಲ. ಕಾರಣ ನಮ್ಮ ಯಜಮಾನರು. ನೌಕರಿಯಿಂದ ನಿವೃತ್ತರಾದ ದಿನದಿಂದ ಅವರ ಕೈಗೆ ಮೊಬೈಲು ಅಂಟಿಕೊಂಡಿದೆ. ಅದರಲ್ಲಿ ದಿನಕ್ಕೆ ಹತ್ತು ಉಪಾಯ ಬರುತ್ತವೆ, ಹತ್ತನ್ನೂ ಅವರು ನನ್ನ ಅಡುಗೆಮನೆಯಲ್ಲೇ ಪರೀಕ್ಷೆ ಮಾಡಬೇಕು. ನಾನು ಇಪ್ಪತ್ತೆಂಟು ವರ್ಷ ನಾಲ್ಕನೆಯ ತರಗತಿಗೆ ಪಾಠ ಹೇಳಿದವಳು. ಅರವತ್ತು ಹುಡುಗರನ್ನು ಒಂದೇ ನೋಟದಲ್ಲಿ ಸುಮ್ಮನೆ ಕೂರಿಸುತ್ತಿದ್ದೆ. ಇವರೊಬ್ಬರನ್ನು ಕೂರಿಸಲು ಇವತ್ತಿನವರೆಗೂ ಆಗಿಲ್ಲ.

ಈ ಸಲದ ಬೇಸಿಗೆಯಲ್ಲಿ ಮಾತ್ರ ಎಡವಟ್ಟಾಗಬಾರದಿತ್ತು. ಮಾಘದಲ್ಲಿ ಮಗಳನ್ನು ಇಳಕಲ್ಲಿಗೆ ಕೊಟ್ಟಿದ್ದೆವು. ಅಳಿಯ ಅಲ್ಲಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಾರೆ. 'ಮಾತನಾಡಬೇಡಿ' ಎಂಬ ಬೋರ್ಡಿನ ಕೆಳಗೆ ದಿನವಿಡೀ ಕೂತು ಕೂತು, ಆ ಬೋರ್ಡನ್ನು ತಮ್ಮ ಬಾಯಿಗೇ ಹಾಕಿಕೊಂಡಿದ್ದಾರೆ. ನಮ್ಮ ಮನೆಗೆ ಬಂದರೆ "ಹೂಂ", "ಸಾಕ್ರಿ", "ಬರ್ತೇನ್ರಿ" ಇಷ್ಟೇ ಮಾತು. ನನ್ನನ್ನು ಅತ್ತೆ ಎಂದು ಒಮ್ಮೆಯೂ ಕರೆದಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಅದು ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಇರುವುದೊಬ್ಬಳು ಮಗಳು, ಬರುವುದೊಬ್ಬ ಅಳಿಯ. ಅವರಿಗೆ ನಮ್ಮ ಮನೆ ಬೇಡವಾದರೆ ಮಗಳ ಬರುಹೋಗೂ ಕಡಿಮೆಯಾಗುತ್ತದೆ ಎಂಬ ಹೆದರಿಕೆ.

ಮಗಳೂ ಫೋನಿನಲ್ಲಿ ಹೇಳಿದ್ದಳು: "ಅವ್ವಾ, ಅವರಿಗೆ ಸಂಕೋಚ ಭಾಳ. ನಾಕ ಸಲ ಬಂದು ಆರಾಮ ಉಂಡು ಹೋದ್ರ ಸರಿಹೋಗ್ತಾರ. ಅಪ್ಪನ್ನ ಸ್ವಲ್ಪ ಹಿಡಕೋ."

ಹಿಡಿದುಕೊಳ್ಳುವುದು ಹೇಗೆ ಎಂದು ಅವಳೂ ಹೇಳಲಿಲ್ಲ.

ಯಾರ ಓಣಿಯ ಬಣ್ಣ

ನಮ್ಮ ಊರು ಬಾಗಲಕೋಟೆಯ ಹೋಳಿಬಣ್ಣ ಒಂದು ದಿನಕ್ಕೆ ಮುಗಿಯುವುದಿಲ್ಲ. ಗಾಡಿಯ ಮೇಲೆ ಬ್ಯಾರಲ್ಲು ಹೇರಿಕೊಂಡು ದಿನಕ್ಕೊಂದು ಕಡೆಯವರು ಎರಚಾಡುತ್ತಾರೆ. ಮಗಳು ಎರಡು ದಿನ ಮೊದಲೇ ಬಂದಿದ್ದಳು. ಅಳಿಯ ಹಬ್ಬದೂಟಕ್ಕೆ ಬರಬೇಕಿತ್ತು. ನಮ್ಮವರು ಫೋನು ಮಾಡಿ ಉಪಾಯ ಹೇಳಿದರು: "ನಮ್ಮ ಓಣಿದು ಮೊದಲನೇ ದಿನಕ್ಕ ಮುಗೀತೈತಿ. ನೀವು ಎರಡನೇ ದಿನ ಬಿಳಿ ಅಂಗಿನ ಹಾಕ್ಕೊಂಡ ಬರ್ರಿ. ಒಂದ ಹನಿ ಬೀಳೂದಿಲ್ಲ."

ನಮ್ಮ ಓಣಿಯಲ್ಲಿ ಒಂದು ಹನಿಯೂ ಬೀಳಲಿಲ್ಲ, ಆ ಮಾತು ಖರೆ. ಆದರೆ ಬಸ್ಸಿಳಿದು ನಮ್ಮ ಓಣಿಗೆ ಬರಬೇಕಾದರೆ ನಡುವೆ ಇನ್ನೂ ಮೂರು ಓಣಿ ದಾಟಬೇಕು ಎಂಬುದು, ನಲವತ್ತು ವರ್ಷ ಇದೇ ಊರಲ್ಲಿ ಇರುವ ಮನುಷ್ಯನಿಗೆ ಹೊಳೆಯಲಿಲ್ಲ.

ಹನ್ನೊಂದರ ಸುಮಾರಿಗೆ ಗೇಟಿನ ಮುಂದೆ ಒಂದು ಆಕೃತಿ ನಿಂತಿತು. ತಲೆಯಿಂದ ಚಪ್ಪಲಿಯವರೆಗೆ ನೇರಳೆ. ನಮ್ಮವರು ಗೇಟಿಗೆ ಕೀಲಿ ಹಾಕಿಕೊಂಡು ಒಳಗೆ ನಿಂತು ಹೇಳಿದರು:

"ಇಲ್ಲೆ ಬಣ್ಣ ಮುಗದೈತಿ. ಮುಂದ ಹೋಗಪಾ."

"ನಾ ನಿಮ್ಮ ಅಳಿಯ ಅದೇನ್ರಿ."

"ಬಣ್ಣದಾಗ ಎಲ್ಲಾರೂ ಹಂಗ ಅಂತಾರ. ನಡಿ ನಡಿ."

ಬೇರೆ ಯಾರಾದರೂ ಆಗಿದ್ದರೆ ಗೇಟು ಬಡಿಯುತ್ತಿದ್ದರು, ಕೂಗುತ್ತಿದ್ದರು. ಈ ಆಕೃತಿ ಬಿಸಿಲಲ್ಲಿ ಕೈಕಟ್ಟಿ ತಣ್ಣಗೆ ನಿಂತಿತು. ಅದನ್ನು ಕಿಟಕಿಯಿಂದ ಕಂಡ ಮಗಳು, "ಇಷ್ಟಾದ್ರೂ ಬಾಯಿ ಬಿಡವಲ್ರು ಅಂದ್ರ ಅವರ" ಎಂದು ಓಡಿಹೋಗಿ ಕೀಲಿ ತೆಗೆದಳು.

ಆಮೇಲೆ ಬಣ್ಣ ಬಿಡಿಸುವ ಉಪಾಯ. ಕುಸುಬಿ ಎಣ್ಣೆ, ಕಡಲೆಹಿಟ್ಟು, ಮೊಸರು ಕಲಸಿ ನಮ್ಮವರು ತಾವೇ ನಿಂತು ತಿಕ್ಕಿಸಿದರು. ಮುಖದ ಬಣ್ಣ ಹೋಗಿ ಕಿವಿಯಲ್ಲಿ ಸೇರಿಕೊಂಡಿತು. ಒಂದು ವಾರ ಇಳಕಲ್ಲಿನಲ್ಲಿ ಹುಡುಗರು ಗ್ರಂಥಾಲಯಕ್ಕೆ ಬಂದು ಬಂದು ಅವರ ಕಿವಿ ನೋಡಿ ಹೋದರಂತೆ. ಮಗಳು ಸಿಟ್ಟಿನಿಂದ ಅದನ್ನು ಹೇಳಿದರೆ ಇವರೆಂದರು: "ಈಗಿನ ಹುಡುಗರು ಲೈಬ್ರರಿಗೆ ಬರೂದ ಇಲ್ಲಂತಿದ್ರಲ್ಲ. ಬಂದ್ರಿಲ್ಲೋ?"

ಬಾಟಲಿಯಲ್ಲಿ ಬೇವು

ಯುಗಾದಿಗೆ ನಮ್ಮ ಕಡೆ ಬೇವು ಕುಡಿಯುತ್ತೇವೆ. ಬೇವಿನ ಹೂವು ನಾಲ್ಕು ಎಸಳು, ಅದಕ್ಕೆ ಬೆಲ್ಲ, ಹುಣಸೆಹುಳಿ, ಮಾವಿನಕಾಯಿ, ಪುಟಾಣಿ ಹಿಟ್ಟು. ಹೆಸರು ಬೇವಾದರೂ ರುಚಿಯಾದ ಪಾನಕ. ನಮ್ಮವರು ಎಲ್ಲಿಯೋ ಓದಿದರು: ಹೂವಿನಲ್ಲಿ ಸತ್ವ ಕಡಿಮೆ, ಚಿಗುರು ರುಬ್ಬಿ ಹಾಕಿದರೆ ಬೇಸಿಗೆಯಿಡೀ ಮೈ ತಂಪು. ನಾನು ಹೋಳಿಗೆ ಬೇಯಿಸುವ ಗದ್ದಲದಲ್ಲಿದ್ದಾಗ ಎರಡು ಹಿಡಿ ಚಿಗುರು ರುಬ್ಬಿ ಪಾತ್ರೆಗೆ ಸುರಿದರು.

ಹಬ್ಬದ ಬೇವನ್ನು ಬೇಡ ಎನ್ನುವಂತಿಲ್ಲ. ಊಟಕ್ಕೆ ಬಂದಿದ್ದ ಅಳಿಯ ಲೋಟ ಎತ್ತಿದರು, ಒಂದೇ ಉಸಿರಿಗೆ ಕುಡಿದು ಕೆಳಗಿಟ್ಟರು. ಕಣ್ಣಲ್ಲಿ ನೀರು ನಿಂತಿತ್ತು, ಮುಖ ಅಲುಗಲಿಲ್ಲ. ನಾನು ಒಂದು ಹನಿ ನೆಕ್ಕಿ ನೋಡಿ ಹಿತ್ತಲಿಗೆ ಓಡಿದೆ. ವಾಪಸು ಬರುವಷ್ಟರಲ್ಲಿ ನಮ್ಮವರು, "ಅಳ್ಯಾರಿಗೆ ಭಾಳ ಸೇರೇತಿ" ಎಂದು ಇನ್ನೊಂದು ಲೋಟ ಕುಡಿಸಿ, ಉಳಿದದ್ದನ್ನು ದೊಡ್ಡ ಬಾಟಲಿಗೆ ತುಂಬಿ ಬೀಗರಿಗೆಂದು ಅವರ ಚೀಲದಲ್ಲಿ ಇಟ್ಟಾಗಿತ್ತು.

ಮರುದಿನ ಬೀಗತಿಯ ಫೋನು ಬಂತು. ಅಳಿಯನ ತಾಯಿ ಮಗನ ಹಾಗಲ್ಲ, ನೇರ ಮಾತಿನವರು.

"ಬೀಗತ್ಯಾರ, ನೀವು ಕಳಸಿದ ಔಷಧ ಮುಟ್ಟೇತಿ. ಮೆಣಸಿನ ಗಿಡಕ್ಕ ಹೊಡದ್ವಿ. ಹುಳಾ ಭಾಳ ಚಲೋ ಸತ್ತಾವ. ಇನ್ನೊಂದು ಬಾಟ್ಲಿ ಇದ್ರ ಕಳಸ್ರಿ."

ಮಂಗಗಳ ಅಭಿಪ್ರಾಯ

ಅಲ್ಲಿಗೆ ಎರಡು ಸಲ ಅಳಿಯ ಬಂದು ಎರಡೂ ಸಲ ತ್ರಾಸು ಪಟ್ಟಂತಾಯಿತು. ಮೂರನೆಯದು ಬಸವ ಜಯಂತಿ. ಆ ದಿನ ಹೊಸ ಅಳಿಯನಿಗೆ ಮಾವಿನಹಣ್ಣಿನ ಸೀಕರಣೆ, ಹೋಳಿಗೆ ಉಣಿಸಬೇಕು. ಊಟಕ್ಕೆ ಹೊಸ ಸಂಡಿಗೆ ಇರಬೇಕೆಂದು ಬಾದಾಮಿಯಲ್ಲಿರುವ ನಾದಿನಿಯ ಮನೆಗೆ ಹೋದೆ. ಅವಳ ಮಾಳಿಗೆ ದೊಡ್ಡದು, ಕಲ್ಲಿನ ಗುಡ್ಡದ ಝಳಕ್ಕೆ ಸಂಡಿಗೆ ಒಂದೇ ದಿನದಲ್ಲಿ ಒಣಗುತ್ತದೆ. ಕಷ್ಟ ಒಂದೇ, ಬಾದಾಮಿಯ ಮಂಗಗಳು.

ನಮ್ಮವರು ಕಾವಲಿಗೆ ಬಂದರು. ಕೈಯಲ್ಲಿ ರಬ್ಬರಿನ ಹಾವು. "ಮಂಗ್ಯಾಕ್ಕ ಹಾವು ಕಂಡ್ರ ಜೀವಾ ಹೋಕ್ಕೈತಿ. ಇದನ್ನ ನಡುವ ಇಟ್ಟು ನೀವು ಆರಾಮ ಮಲಕೋರಿ" ಎಂದರು. ಹಾವನ್ನು ನಡುವೆ ಇಟ್ಟು ಅವರೇ ಆರಾಮ ಮಲಗಿದರು.

ಮಧ್ಯಾಹ್ನ ನಾನೂ ನಾದಿನಿಯೂ ಏರಿ ನೋಡಿದರೆ ಹಾವು ಇರಲಿಲ್ಲ. ಪಕ್ಕದ ಮಾಳಿಗೆಯಲ್ಲಿ ಒಂದು ಮಂಗನ ಮರಿ ಅದನ್ನು ಕೊರಳಿಗೆ ಸುತ್ತಿಕೊಂಡು ಕೂತಿತ್ತು. ಆದರೆ ಸಂಡಿಗೆ ಹಾಕಿದ್ದ ಸೀರೆಯ ಮೇಲೆ ಎಲ್ಲವೂ ಹಾಗೇ ಇದ್ದವು. ನಾಲ್ಕೈದನ್ನು ಮಾತ್ರ ಮಂಗಗಳು ಅರ್ಧ ಕಚ್ಚಿ ಉಗುಳಿದ್ದವು.

"ನೋಡಿದ್ರಿಲ್ಲೋ, ಉಳದಾವ" ಎಂದು ನಮ್ಮವರು ಮೀಸೆ ತಿರುವಿದರು.

ನಾದಿನಿ ಒಂದು ಚೂರು ಬಾಯಿಗೆ ಹಾಕಿಕೊಂಡು ಪಕ್ಕಕ್ಕೆ ಉಗುಳಿದಳು. ಹಿಟ್ಟು ಕುದಿಯುವಾಗ ನಾನು ಉಪ್ಪು ಹಾಕಿದ್ದೆ. ಬೆಳಗ್ಗೆ ಇವರೂ, ಉಪ್ಪು ಹೆಚ್ಚಿದ್ದರೆ ಸಂಡಿಗೆ ವರ್ಷವಿಡೀ ಕೆಡುವುದಿಲ್ಲ ಎಂದು ಓದಿ ಎರಡು ಹಿಡಿ ಹಾಕಿದ್ದರಂತೆ.

"ವೈನಿ, ನಮ್ಮ ಊರಿನ ಮಂಗ್ಯಾ ಚಪ್ಪಲಿ ಬಿಟ್ಟಿಲ್ಲ, ಸಾಬಾಣ ಬಿಟ್ಟಿಲ್ಲ" ಎಂದಳು ನಾದಿನಿ. "ಇಲ್ಲೀತನಕ ಬಿಟ್ಟು ಹೋಗಿದ್ದು ನಿಮ್ಮ ಸಂಡಿಗಿ ಒಂದ."

ತಾಟು ಖಾಲಿ

ಬಸವ ಜಯಂತಿಗೆ ವಾರವಿರುವಾಗ ಮಗಳ ಫೋನು: "ಅವ್ವಾ, ಇದೊಂದು ಸಲ ಅವರು ನೆಮ್ಮದಿಯಿಂದ ಉಂಡು ಹೋಗ್ಲಿ. ಇಲ್ಲಾಂದ್ರ ಇನ್ನ ಮ್ಯಾಲ ನಾ ಅವರನ್ನ ಕರ್ಕೊಂಡ ಬರೂದು ಕಷ್ಟ ಐತಿ." ಅವಳ ದನಿ ಕೇಳಿ ನನ್ನ ಕಣ್ಣು ತುಂಬಿತು. ಫೋನಿಟ್ಟು ನೇರ ನಮ್ಮವರ ಎದುರು ಹೋಗಿ ನಿಂತೆ.

"ಹಬ್ಬದ ದಿನ ನಿಮ್ಮ ಬಾಯಿಂದ ಒಂದು ಉಪಾಯ ಬಿತ್ತಂದ್ರ ನಾ ಬಾದಾಮಿಗೆ ಹೋಗಿ ನಿಮ್ಮ ತಂಗಿ ಮನ್ಯಾಗ ಇರ್ತೇನಿ."

"ಆತು" ಎಂದರು. ಆದರೆ ಹಬ್ಬಕ್ಕೆ ಇನ್ನೂ ವಾರವಿತ್ತಲ್ಲ. ಪೇಟೆಯಲ್ಲಿ ಪುಡಿ ಹಾಕಿ ಹಣ್ಣು ಮಾಡುತ್ತಾರೆಂದು ಎಂಬತ್ತು ಮಾವಿನಕಾಯಿ ತಂದು, ಮೂಲೆಯ ಕೋಣೆಯಲ್ಲಿ ಭತ್ತದ ಹುಲ್ಲು ಹಾಸಿ ಮಲಗಿಸಿದರು. ದಿನಾ ಒಂದೊಂದನ್ನೂ ಕೂಸಿನ ಹಾಗೆ ಮಗ್ಗುಲು ಹೊರಳಿಸಿದರು. ನಂಬುತ್ತೀರೋ ಇಲ್ಲವೋ, ಎಂಬತ್ತೂ ಸರಿಯಾಗಿ ಹಬ್ಬದ ಮುಂಜಾನೆಗೆ ಹಣ್ಣಾದವು. ನಮ್ಮ ಮದುವೆಯಾದ ಮೇಲೆ ಅವರ ಉಪಾಯ ಫಲಿಸಿದ್ದು ಅದೇ ಮೊದಲು. ದೊಡ್ಡ ಪಾತೇಲಿ ತುಂಬ ಸೀಕರಣೆ ಆಯಿತು, ಮೇಲೆ ಏಲಕ್ಕಿ, ಮಗ್ಗುಲಲ್ಲಿ ತುಪ್ಪ. ಹೋಳಿಗೆ ಮೂವತ್ತು ಬೇಯಿಸಿದೆ.

ಅಳಿಯ ಊಟಕ್ಕೆ ಕೂತರು. ಪಕ್ಕದಲ್ಲಿ ನಮ್ಮವರು, ಕೊಟ್ಟ ಮಾತಿನಂತೆ ತುಟಿ ಹೊಲಿದುಕೊಂಡು. ಮಗಳು ಒಳಗೆ ಒಲೆಯ ಮುಂದೆ ಹಪ್ಪಳ ಕರಿಯುತ್ತಿದ್ದಳು. ಬಡಿಸುವುದು ನನ್ನ ಪಾಲು.

ನಮ್ಮ ಅತ್ತೆ ನನಗೆ ಹೇಳಿಕೊಟ್ಟ ಪದ್ಧತಿ ಒಂದಿದೆ. ಬಂದವರ ತಾಟು ಖಾಲಿ ಕಾಣಬಾರದು, ಕಂಡರೆ ಬಡಿಸುವವಳಿಗೆ ಅವಮಾನ. ಅವರು "ಸಾಕು" ಎಂದರೆ ಅದು ಸಂಕೋಚ. ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಗ್ಗಿದರೆ ಮಾತ್ರ ಖರೆ ಸಾಕು. ನಮ್ಮ ಮನೆಯಲ್ಲಿ ಹಾಗೆ ಕೈ ಅಡ್ಡ ಬರದೆ ಯಾರ ಊಟವೂ ಮುಗಿದಿದ್ದಿಲ್ಲ.

ಅಳಿಯ ಎರಡು ಹೋಳಿಗೆ, ಒಂದು ಬಟ್ಟಲು ಸೀಕರಣೆ ತಿಂದು ತಾಟು ಚೊಕ್ಕ ಮಾಡಿದರು. ನಾನು ಬಡಿಸಿದೆ. "ಸಾಕ್ರಿ" ಎಂದರು. ಕೈ ಅಡ್ಡ ಬರಲಿಲ್ಲ. ಮತ್ತೆ ತಾಟು ಚೊಕ್ಕ. ಮತ್ತೆ ಬಡಿಸಿದೆ. ಐದಾದವು, ಆರಾದವು. ನನಗೆ ಎಷ್ಟು ಸಂತೋಷವಾಯಿತು ಎಂದರೆ, ಇಷ್ಟು ದಿನದ ದುಃಖವೆಲ್ಲ ಕರಗಿಹೋಯಿತು. ಕೊನೆಗೂ ನನ್ನ ಕೈರುಚಿ ಇವರಿಗೆ ಹಿಡಿಸಿತು, ಮಾತಿನಲ್ಲಿ ಹೇಳಲಾರದ್ದನ್ನು ತಿಂದು ಹೇಳುತ್ತಿದ್ದಾರೆ ಎಂದುಕೊಂಡೆ. ಎಂಟನೆಯದಕ್ಕೆ ತುಪ್ಪ ಹೆಚ್ಚು ಸುರಿದೆ. ನಮ್ಮವರು ಏನೋ ಹೇಳಲು ಬಾಯಿ ತೆರೆದರು. ನಾನು ನಾಲ್ಕನೆಯ ತರಗತಿಯ ನೋಟ ನೋಡಿದೆ, ಮುಚ್ಚಿಕೊಂಡರು.

ಹನ್ನೊಂದನೆಯ ಹೋಳಿಗೆ ಮುಗಿಯಿತು. ಅಳಿಯನ ಹಣೆಯಿಂದ ಬೆವರು ಇಳಿಯುತ್ತಿತ್ತು, ಕಿವಿ ಕೆಂಪಾಗಿತ್ತು. ಹನ್ನೆರಡನೆಯದನ್ನು ಹಿಡಿದು ನಾನು ಬಗ್ಗಿದೆ. ಆಗ ಅವರು ಎರಡೂ ಕೈ ಜೋಡಿಸಿ, ಮದುವೆಯಾದ ಮೇಲೆ ಮೊದಲ ಸಲ ನನ್ನೊಡನೆ ಒಂದು ಪೂರ್ತಿ ಮಾತು ಆಡಿದರು.

"ಅತ್ತೀ, ನಿಮಗ ಕೈ ಮುಗಿತೇನಿ. ನೀವು ಬಡಿಸೂದು ನಿಂದ್ರಸ್ರಿ, ನಾ ತಿನ್ನೂದು ನಿಂದ್ರಸ್ತೇನಿ."

ಹಪ್ಪಳದ ಬುಟ್ಟಿ ಹಿಡಿದು ಬಂದ ಮಗಳು ವಿಚಾರಿಸಿದಾಗ ಗೊತ್ತಾಯಿತು. ಅವರ ಮನೆಯಲ್ಲಿ ಅಜ್ಜಿ ಹೇಳಿಕೊಟ್ಟ ಪದ್ಧತಿ ಬೇರೆ. ತಾಟಿಗೆ ಬಂದದ್ದು ಪ್ರಸಾದ. ಒಂದಗುಳೂ ಬಿಡಬಾರದು, ಕೈ ಅಡ್ಡ ಹಿಡಿಯುವುದಂತೂ ಪಾಪ. ತಾಟು ಚೊಕ್ಕ ಮಾಡಿದರೆ ಊಟ ಮುಗಿಯಿತು ಎಂದು ಬಡಿಸುವವರು ತಿಳಿದುಕೊಂಡು ಹಿಂದೆ ಸರಿಯುತ್ತಾರೆ. ಪಾಪ, ಅವರು ಊಟ ಮುಗಿಯಿತೆಂದು ಹೇಳಲು ತಾಟು ಖಾಲಿ ಮಾಡುತ್ತಿದ್ದರು, ನಾನು ಖಾಲಿಯಾಯಿತೆಂದು ತುಂಬುತ್ತಿದ್ದೆ. ಹೋಳಿಯಿಂದ ಇವರನ್ನು ಬೈದು ಬೈದು, ಎಲ್ಲಕ್ಕಿಂತ ದೊಡ್ಡ ಎಡವಟ್ಟನ್ನು ನನ್ನ ಕೈಯಾರೆ ನಾನೇ ಮಾಡಿದ್ದೆ. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಅಳಿಯ ಫ್ಯಾನಿನ ಕೆಳಗೆ ಅಂಗಾತ ಮಲಗಿದರು. ನಮ್ಮವರು ಮೆಲ್ಲಗೆ ನನ್ನ ಹತ್ತಿರ ಬಂದು ಕೇಳಿದರು: "ಹೊಟ್ಟಿ ಭಾರಕ್ಕ ಒಂದು ಉಪಾಯ ಐತಿ. ಹೇಳ್ಲೋ, ಬಾದಾಮಿಗೆ ಹೋಗ್ತಿಯೋ?"

"ಹೇಳ್ರಿ" ಎಂದೆ. ಮತ್ತೇನು ಮಾಡಲಿ. ಅಜವಾನದ ಬಿಸಿನೀರು ಕುಡಿಸಿದೆವು.

ಸಂಜೆ ಮಗಳನ್ನೂ ಅಳಿಯನನ್ನೂ ಇಳಕಲ್ ಬಸ್ಸಿಗೆ ಕಳಿಸಲು ಹೋದೆ. ಅಳಿಯ ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದರು. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ಧೈರ್ಯ ಮಾಡಿ ಕೇಳಿದೆ: "ಮತ್ತ ಬರ್ತೀರಿಲ್ಲೋ?"

ಅವರು ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು.

"ಬರ್ತೇನ್ರಿ ಅತ್ತಿ. ಶ್ರಾವಣ ಸೋಮವಾರ ಬರ್ತೇನಿ. ಅವತ್ತ ನಂದು ಒಪ್ಪತ್ತ ಇರ್ತೈತಿ, ದಿನಕ್ಕ ಒಂದ ಊಟ."

ಖುಷಿಗೆ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ಒಂದ ಊಟ ಅಂದ್ರ ಎರಡೂ ಹೊತ್ತಿಂದು ಕೂಡಿಸಿ ಮಾಡ್ತೇನಿ ತಗೋರಿ" ಎಂದುಬಿಟ್ಟೆ.

ಬಸ್ಸು ಹೊರಟಿತು. ಅಳಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ, ಇಡೀ ಬಸ್ ನಿಲ್ದಾಣಕ್ಕೆ ಕೇಳುವ ಹಾಗೆ ಕೂಗಿದರು:

"ಹಂಗಾದ್ರ ಅತ್ತೀ, ತಾಟು ನಾ ಮನಿಂದ ತರ್ತೇನ್ರಿ. ಸಣ್ಣದೊಂದು ಐತಿ."