ಸಂಪಿನ ಮುಚ್ಚಳಕ್ಕೆ ಅರಿಶಿನ ಕುಂಕುಮ

ನಂಜುಂಡಪ್ಪಾ, ನಿನ್ನ ಪಾದಕ್ಕೆ ಶರಣು. ನಿನ್ನ ಹೆಸರು ಹೇಳಿ ನಂಜನಗೂಡಿನಲ್ಲಿ ಬಸ್ಸು ಹತ್ತಿದ ದಿನ ಒಂದು ನಗು ಸಿಗದೆ ನಾನು ಮನೆಗೆ ಬಂದದ್ದಿಲ್ಲ.

ಮಕ್ಕಳು ಬೀಳದ ಹಾಗೆ, ಸುಟ್ಟುಕೊಳ್ಳದ ಹಾಗೆ, ನೀರಿಗೆ ಜಾರದ ಹಾಗೆ ಏನು ಮಾಡಬಹುದು ಅಂತ ಹುಡುಕುವ ಸಂಶೋಧನೆಯೊಂದರಲ್ಲಿ ಮನೆಮನೆಗೆ ಹೋಗಿ ಮಾತಾಡಿಸುವುದು ನನ್ನ ಕೆಲಸ. ಬೇರೆ ಮನೆಗಳದ್ದು ಇರಲಿ, ಟಿ. ನರಸೀಪುರದಾಚೆ ಮುಡುಕುತೊರೆ ಹತ್ತಿರದ ಒಂದೇ ಮನೆಯದ್ದು ಹೇಳ್ತೀನಿ. ಅಲ್ಲಿ ಒಬ್ಬರು ಅಜ್ಜಿ, ಅವರ ಸೊಸೆ, ಆಗಷ್ಟೇ ನಡೆಯಲು ಕಲಿತ ಮೊಮ್ಮಗಳು. ಹಿತ್ತಲಲ್ಲಿ ನೆಲದ ಮಟ್ಟಕ್ಕೆ ಬಾಯಿ ತೆರೆದುಕೊಂಡಿದ್ದ ನೀರಿನ ಸಂಪು. ಅದನ್ನು ಕಂಡಾಗಿನಿಂದ ನನ್ನ ಎದೆ ಢವಢವ.

೧. ಮೊದಲ ಮಾತು

"ಅಜ್ಜಿ, ಮಗು ಸಂಪಿಗೆ ಬಿದ್ದರೆ..." ಅಂದೆನಷ್ಟೆ.

"ಬುಡ್ತು ಅನ್ನವ್ವ ಮೊದ್ಲು!"

"ಬಿಡ್ತು. ಬಿಸಿನೀರು ಮೈಮೇಲೆ ಚೆಲ್ಲಿಕೊಂಡರೆ..."

"ಬುಡ್ತು ಅನ್ನು! ನೋಡಾಕೆ ಲಕ್ಷಣವಾಗಿದ್ದೀಯ, ಬಾಯಲ್ಲಿ ಇಂಥವೇ ಬತ್ತವಲ್ಲ!"

ಅಶುಭದ ಮಾತಿಗೆ ಬಿಡ್ತು ಅನ್ನುವುದು ನಮ್ಮ ಮನೆಯಲ್ಲೂ ಉಂಟು. ಭಕ್ತಿಯಿಂದಲೇ ಅಂದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ಆ ಮಾತುಕತೆಯನ್ನು ಸಂಜೆ ಕೇಳಿದ, ಸಂಶೋಧನೆ ನಡೆಸುವ ನಮ್ಮ ಡಾಕ್ಟರು ತಲೆಯೆತ್ತಿ, "ಇದೇನಮ್ಮ, ಸಂದರ್ಶನವೋ ನಾಮಜಪವೋ?" ಅಂದರು.

೨. ಮೆಟ್ಟಿಲಿಗೆ ಪೆಟ್ಟು

ಇನ್ನೊಂದು ದಿನ ನಾವು ಮಾತಾಡ್ತಿರುವಾಗಲೇ ಮಗು ಮೆಟ್ಟಿಲು ಎಡವಿ ಬಿದ್ದು ಕಿರುಚಿತು. ಅಜ್ಜಿ ಹೋದವರೇ ಮೆಟ್ಟಿಲಿಗೆ ಪಟಪಟ ಹೊಡೆದರು. "ನನ್ ಕೂಸ ಬೀಳಿಸ್ತೀಯಾ? ತಕ್ಕೊ!" ಮಗು ಅಳು ಮರೆತು ನಕ್ಕಿತು.

"ಇನ್ನೊಂದು ಸಲ ಬೀಳದ ಹಾಗೆ ಏನು ಮಾಡ್ತೀರಿ ಅಜ್ಜಿ?"

ಅಜ್ಜಿ ಯೋಚನೆ ಮಾಡಿಯೇ ಹೇಳಿದರು: "ಈ ಸಲ ಕೈಲಿ ಒಡ್ದಿವ್ನಿ. ಮುಂದ್ಲ ಸಲ ಪರಕೇಲಿ."

೩. ಸಂಡಿಗೆ

ನಮ್ಮ ಕಡೆಯಿಂದ ಕಬ್ಬಿಣದ ಜಾಲರಿ ಮುಚ್ಚಳ ಮಾಡಿಸಿ ಸಂಪಿನ ಮೇಲೆ ಕೂರಿಸಿದೆವು. ಮುಂದಿನ ಸಲ ಹೋದರೆ ಸಂಪು ಬಾಯಿ ತೆರೆದಿದೆ, ಮಗು ಚೆಂಡಿನ ಹಿಂದೆ ಅತ್ತಲೇ ಹೋಗುತ್ತಿದೆ! "ಶಿವಶಿವಾ" ಅಂತ ಓಡಿ ಎತ್ತಿಕೊಂಡೆ. ಮುಚ್ಚಳ ಎಲ್ಲಿ ಅಂದರೆ, ಬಟ್ಟೆ ಹಾಸಿಕೊಂಡು, ಸಂಡಿಗೆ ಹೊತ್ತುಕೊಂಡು, ತಾರಸಿಯ ಮೇಲೆ ಬಿಸಿಲು ಕಾಯುತ್ತಿತ್ತು.

"ಮೇಲೂ ಗಾಳಿ ಆಡ್ತದೆ, ಕೆಳ್ಗೂ ಆಡ್ತದೆ ಕಣವ್ವ. ಬಲೇ ಚೆಂದಾಗಿ ಒಣಗ್ತವೆ," ಅಂದರು ಅಜ್ಜಿ. "ಅಪ್ಪಳಕ್ಕೆ ಇನ್ನೊಂದು ಕೊಡ್ಸು."

೪. ಗಂಗಮ್ಮನ ಬಾಗಿಲು

ದೇವರೇ, ನೀನೇ ಬುದ್ಧಿ ಕೊಡು ಅಂದುಕೊಂಡು ಮುಚ್ಚಳ ತಂದು ಸಂಪಿನ ಮೇಲಿಟ್ಟೆ. ಅರಿಶಿನ ಕುಂಕುಮ ಹಚ್ಚಿ, ದಾಸವಾಳ ಏರಿಸಿ ಕೈಮುಗಿದೆ. "ಅಜ್ಜಿ, ಇದು ಗಂಗಮ್ಮನ ಬಾಗಿಲು. ಕದಲಿಸಬೇಡಿ."

ಅಜ್ಜಿ ಕೆನ್ನೆ ಕೆನ್ನೆ ತಟ್ಟಿಕೊಂಡರು.

ಮತ್ತೆ ಹೋದಾಗ ಮುಚ್ಚಳ ಇದ್ದಲ್ಲೇ ಇತ್ತು, ಮೇಲೆ ಹೊಸ ಹೂವು. ಪಕ್ಕದಲ್ಲೇ ಮಗು ಆಡುತ್ತಿತ್ತು. ನನಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಸೊಸೆ ಬೀದಿ ನಲ್ಲಿಯಿಂದ ಬಿಂದಿಗೆ ಹೊತ್ತು ವಾಲಾಡುತ್ತಾ ಬಂದಳು.

"ಸಂಪಿನ ತುಂಬ ನೀರದೆ ಕಣಕ್ಕ! ನೀವು ಕದಲಿಸಬೇಡಿ ಅಂದ್ರಂತೆ, ಅತ್ತೆ ಮುಟ್ಟಾಕೆ ಬುಡ್ತಿಲ್ಲ. ನನ್ ಸೊಂಟ ಬಿದ್ದೋಯ್ತು!"

ಪೂಜೆ ಹೇಳಿಕೊಟ್ಟ ನಾನು ಕದಲಿಸುವ ಶಾಸ್ತ್ರ ಹೇಳಿರಲಿಲ್ಲ! ನಿಂತ ಕಾಲಲ್ಲೇ ಹೇಳಿದೆ: ಮಗು ಒಬ್ಬರ ಕಂಕುಳಲ್ಲಿರಬೇಕು, ಇನ್ನೊಬ್ಬರು ಕೈಮುಗಿದು ಮುಚ್ಚಳ ಸರಿಸಿ ನೀರು ತೆಗೆದು ತಕ್ಷಣ ಮುಚ್ಚಬೇಕು.

ಅಜ್ಜಿ ಭಕ್ತಿಯಿಂದ ಮಗುವನ್ನು ಎತ್ತಿಕೊಂಡರು. ಸೊಸೆ ಬಗ್ಗಿದವಳು "ಅಯ್ಯೋ ಸೊಂಟ" ಅಂದಳು. ಅಜ್ಜಿಗೆ ಎಲ್ಲಿತ್ತೋ ಕೋಪ! ಕಂಕುಳಲ್ಲಿ ಮಗು, ಕೈಯಲ್ಲಿ ಪರಕೆ, ಸೀದಾ ಬೀದಿಗೆ ಹೋಗಿ ನಲ್ಲಿಗೆ ಬಾರಿಸತೊಡಗಿದರು.

"ನನ್ ಸೊಸೆ ಸೊಂಟ ಮುರೀತೀಯಾ? ತಕ್ಕೊ!"

ಇದನ್ನು ಓದಿದ, ಕೇಳಿದ ಎಲ್ಲರ ಮನೆಯ ಕೂಸುಗಳನ್ನೂ ನಂಜುಂಡಪ್ಪ ಕಾಯಲಿ. ಸಂಪಿನ ಮುಚ್ಚಳ ಮಾತ್ರ ನೀವೇ ಹಾಕಿಡಿ.