ಪಾಲುದಾರರ ಬೋರ್ಡು

ಸಮುದ್ರವು ಪ್ರತಿವರ್ಷ ನಮ್ಮ ಬೀದಿಯ ಕಡೆಗೆ ನಾಲ್ಕು ಹೆಜ್ಜೆ ಮುಂದೆ ಬರುತ್ತಿರುವುದನ್ನು ಸಂಬಂಧಪಟ್ಟ ಇಲಾಖೆಯು ಗಂಭೀರವಾಗಿ ಗಮನಿಸಿದ್ದು, ಗಮನಿಸುವುದನ್ನು ಮುಂದುವರಿಸಿದೆ.

ಸಮುದ್ರಕ್ಕೆ ಮುಖ ಮಾಡಿದ ಹನ್ನೆರಡು ಮನೆಗಳಲ್ಲಿ ಕೊನೆಯದು ನನ್ನ ಚಿಕ್ಕಮ್ಮನದು. ಬಲೆ ಹೊಲಿಯುವುದು ಅವಳ ಕಸುಬು. ಉಬ್ಬರ ಬಂದಾಗಲೆಲ್ಲ ನೀರು ನೇರ ಅಡುಗೆಮನೆಗೆ ನುಗ್ಗಿ ಪಾತ್ರೆಗಳನ್ನು ಹಿತ್ತಲಿಗೆ ಕರೆದುಕೊಂಡು ಹೋಗುತ್ತಿತ್ತು. ಅವಳು ಕೇಳಿದ್ದು ಕಲ್ಲಿನ ಗೋಡೆ. ಇಲಾಖೆ ಕೊಟ್ಟಿದ್ದು ಸಹಭಾಗಿತ್ವ. ಹನ್ನೊಂದು ಸಂಸ್ಥೆಗಳು ಕೈಜೋಡಿಸಿದವು. ಗೋಡೆಗೆ ಮೊದಲು ಬೋರ್ಡು ಎಂಬುದು ನಿಯಮ. ಬೋರ್ಡು ಬರೆಯುವವನು ನಾನು.

ನಿಯಮ ಎಂಟರ ಪ್ರಕಾರ ಯಾವ ಪಾಲುದಾರರ ಹೆಸರೂ ಇನ್ನೊಬ್ಬ ಪಾಲುದಾರರ ಹೆಸರಿನ ಕೆಳಗೆ ಇರಕೂಡದು. ಹೀಗಾಗಿ ಮನೆಗಳ ಮುಂದೆ ಬೋರ್ಡು ಮೇಲಕ್ಕೆ ಬೆಳೆಯದೆ ಅಡ್ಡಕ್ಕೆ ಬೆಳೆಯಿತು: ತಲಾ ಒಂದು ಕಬ್ಬಿಣದ ತಗಡು, ನೆಲದಿಂದ ಎದೆಯೆತ್ತರ, ಒಂದು ಮನೆಯಗಲ. ಹಿಂದಿನ ಬೋರ್ಡು ಗಾಳಿಗೆ ಹಾರಿ ಪಂಚಾಯಿತಿ ಅಧ್ಯಕ್ಷರ ಹೆಸರು ಕೋಳಿಗೂಡಿನ ಮೇಲೆ ಬಿದ್ದಿದ್ದರಿಂದ, ಈ ಸಲ ಬುಡಕ್ಕೆ ಆಳವಾಗಿ ಕಾಂಕ್ರೀಟು ಸುರಿದರು.

“ಸಾಹೇಬ್ರೇ, ಬೋರ್ಡು ಕಟ್ಕೊಂಡು ನಾನೇನು ಮಾಡ್ಲಿ? ಗೋಡೆ ಬೇಕು,” ಅಂದಳು ಚಿಕ್ಕಮ್ಮ.

“ಅಮ್ಮಾ, ಗೋಡೆ ಬರುತ್ತೆ ಅಂತಲೇ ಬೋರ್ಡಲ್ಲಿ ಬರೆಸಿದ್ದೀವಲ್ಲ,” ಅಂದರು ಅಧಿಕಾರಿ. “ಓದಿ, ಸಮಾಧಾನ ಆಗುತ್ತೆ.”

ಮುಂದಿನ ಉಬ್ಬರದ ದಿನ ಅಲೆ ಬಂದು ಬೋರ್ಡಿಗೆ ಹೊಡೆಯಿತು, ಹನ್ನೊಂದು ಹೆಸರನ್ನೂ ಓದಿತು, ತೆಪ್ಪಗೆ ಹಿಂದಿರುಗಿತು. ಹನ್ನೊಂದು ಮನೆಗಳು ಒಣಗಿಯೇ ಇದ್ದವು. ಚಿಕ್ಕಮ್ಮನ ತಟ್ಟೆಗಳು ಮಾತ್ರ ಎಂದಿನಂತೆ ಹಿತ್ತಲಿಗೆ ಹೊರಟವು.

“ಲೋ, ಇನ್ನೊಬ್ಬ ಪಾಲುದಾರನ್ನ ಎಲ್ಲಿಂದಾದ್ರೂ ಹಿಡ್ಕೊಂಡು ಬಾರೋ!” ಎಂದು ಅವಳು ಸೌಟು ಎತ್ತಿದಳು.

ನಾನೂ ನನ್ನ ಭಾವನೂ ಅರ್ಧ ಗಂಟೆಯಲ್ಲಿ ‘ಸಂಜೆ ವಾಯುವಿಹಾರಿಗಳ ಒಕ್ಕೂಟ’ ಸ್ಥಾಪಿಸಿದೆವು. ನಾನು ಅಧ್ಯಕ್ಷ. ಭಾವನಿಗೆ ಮಂಡಿನೋವು, ನಡೆಯಲಾರ, ಆದ್ದರಿಂದ ಗೌರವಾಧ್ಯಕ್ಷ.

“ನಿಮ್ಮ ಒಕ್ಕೂಟ ಏನು ಮಾಡುತ್ತೆ?” ಕೇಳಿದರು ಅಧಿಕಾರಿ.

“ಸಹಭಾಗಿತ್ವ, ಸಾರ್.”

“ಅನುಭವ?”

“ಊರಲ್ಲಿ ಒಂದೇ ಒಂದು ಮದುವೆ ಊಟ ತಪ್ಪಿಸಿಲ್ಲ, ಸಾರ್.”

ಅವರು ಮೆಚ್ಚಿ ಅಲ್ಲೇ ಮೊಹರು ಒತ್ತಿದರು. ಹನ್ನೆರಡನೇ ತಗಡು ನಿಂತಿತು. ಚಿಕ್ಕಮ್ಮನ ಅಡುಗೆಮನೆ ಒಣಗಿತು.

ಅಷ್ಟರಲ್ಲಿ ಅನಾಹುತವಾಯಿತು. ಗೋಡೆ ಮಂಜೂರಾಯಿತು. ‘ಕಾಮಗಾರಿ ಆರಂಭಕ್ಕೆ ಮುನ್ನ, ಬೋರ್ಡು ಸೇರಿದಂತೆ ಸ್ಥಳದಲ್ಲಿರುವ ಸಕಲ ಅಡಚಣೆಗಳನ್ನೂ ತೆರವುಗೊಳಿಸತಕ್ಕದ್ದು’ ಎಂದು ಪ್ರಕಟಣೆ ಬಂತು.

ಚಿಕ್ಕಮ್ಮ ಬಲೆ ಬಿಸಾಕಿ ಎದ್ದಳು. “ಇವ್ರು ಗೋಡೆ ಕಟ್ಟೋಕೆ ಹೊರಟ್ರೆ ನಾನು ಮುಳುಗೇ ಹೋಗ್ತೀನಿ!”

ಸಂಜೆಯೊಳಗೆ ‘ಗೋಡೆ ವಿರೋಧಿ ಹೋರಾಟ ಸಮಿತಿ’ ಹುಟ್ಟಿತು. ಅಧಿಕಾರಿ ಬಂದು ಧಿಕ್ಕಾರಗಳನ್ನೆಲ್ಲ ನಿಂತು ಆಲಿಸಿ ಕಣ್ಣೊರೆಸಿಕೊಂಡರು. “ಇಂಥ ಜನಸಹಭಾಗಿತ್ವ ನನ್ನ ಸರ್ವಿಸಿನಲ್ಲೇ ನೋಡಿಲ್ಲ,” ಎಂದು ಸಮಿತಿಯನ್ನೇ ಹದಿಮೂರನೇ ಪಾಲುದಾರರನ್ನಾಗಿ ಸೇರಿಸಿಕೊಂಡರು. ಹೊಸಬರು ಸೇರಿದ್ದರಿಂದ ಒಪ್ಪಂದಕ್ಕೆ ಎಲ್ಲರೂ ಮತ್ತೆ ಸಹಿ ಹಾಕಬೇಕು. ಅಲ್ಲಿಯವರೆಗೆ ಬೋರ್ಡು ಮುಟ್ಟುವಂತಿಲ್ಲ.

“ಆಮೇಲೆ?” ಚಿಕ್ಕಮ್ಮ ಕೇಳಿದಳು. “ಆಮೇಲೆ ಗೋಡೆ ಕಟ್ಟೇಬಿಡ್ತೀರಾ, ಸಾಹೇಬ್ರೇ?”

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಆದೇಶದ ಕೊನೆಯ ಸಾಲು ಓದಿದರು: “ಸದರಿ ಕಾಮಗಾರಿಯನ್ನು ಯುದ್ಧೋಪಾದಿಯಲ್ಲಿ ಕೈಗೆತ್ತಿಕೊಳ್ಳಲಾಗುವುದು.”

ಚಿಕ್ಕಮ್ಮನ ಮುಖ ಅರಳಿತು. “ಅಬ್ಬಾ! ಹಾಗಾದ್ರೆ ನನ್ನ ಕಾಲಕ್ಕಂತೂ ಆಗಲ್ಲ ಬಿಡಿ.”

ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ಅಧಿಕಾರಿಯೂ ತಟ್ಟಿದರು.